ಮೂರು ವರ್ಷದ ‘ಸೂನ್’

ಹೂ ಮುಡಿಸುವುದಿದ್ದರೆ ನಾಲ್ಕೂವರೆಯೊಳಗೆ. ಭಾನುವಾರ ಅಲ್ಲಿಂದಾಚೆಗೆ ರಾಹುಕಾಲ. ಸಿಂಚನಳ ಅಜ್ಜಿ ಅಮ್ಮಯಮ್ಮ ಬೆಳಗಿನಿಂದ ಇದನ್ನು ಫೋನಿನಲ್ಲಿ ಆರು ಸಲ ಹೇಳಿದ್ದರು. ಗಂಡಿನ ಕಡೆಯವರು ಬಂದು, ಕೇಸರಿಬಾತನ್ನೂ ಮುಗಿಸಿ ಕೂತಿದ್ದರು. ಹೆಣ್ಣು ಮಾತ್ರ ನೆಲಮಂಗಲ ದಾಟಿ, ಲಾರಿಗಳ ನಡುವೆ ಸಿಕ್ಕಿಕೊಂಡ ಬಸ್ಸಿನಲ್ಲಿತ್ತು.

ಗೋಡೌನಿಗೆ ತಿರುಗಲು ಹೋದ ಕಂಟೇನರೊಂದು ರಸ್ತೆಗೆ ಅಡ್ಡಡ್ಡ ನಿಂತಿತ್ತು. ಬಸ್ಸಿನ ಬಾಗಿಲಿಗೆ ಇನ್ನೊಂದು ಲಾರಿ ಮೈಯೊತ್ತಿಕೊಂಡಿದ್ದರಿಂದ ಇಳಿಯುವ ಹಾಗೂ ಇರಲಿಲ್ಲ. ಕಿಟಕಿಯ ತುಂಬಾ ಬರೀ ಟಾರ್ಪಾಲು.

ಪಕ್ಕದಲ್ಲಿ ಮನೋಹರ್. ಇಬ್ಬರೂ ನೆಲಮಂಗಲದ ಒಂದೇ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಪಾಠ ಮಾಡುವವರು. ‘ನಿಮ್ಮಪ್ಪನ ಹತ್ರ ಸೂನ್ ಮಾತಾಡ್ತೀನಿ’ ಎಂದು ಅವನು ಮೊದಲು ಹೇಳಿ ಮೂರು ವರ್ಷವಾಗಿತ್ತು. ಇವತ್ತಾದರೂ ಬಾಯಿ ಬಿಟ್ಟಾನೆಂದೇ ಅವಳು ಟೆಸ್ಟಿನ ನೆಪ ಹೇಳಿ ಕ್ಲಾಸಿಗೆ ಬಂದಿದ್ದಳು. ಅವನು ಬಾಯಿ ಬಿಟ್ಟದ್ದು ಬೋರ್ಡಿನ ಮುಂದೆ.

“ಬೆಳಿಗ್ಗೆ ಹುಡುಗರಿಗೆ ಅದೇನೋ ಹೇಳ್ತಿದ್ರಲ್ಲ ಮೇಷ್ಟ್ರೇ, ಸೂನ್ ಅಂದ್ರೆ?” ಸಿಂಚನ ಕೆಣಕಿದಳು.

ಅವನ ಕಣ್ಣು ಬೆಳಗಿತು. ಪಾಠವೆಂದರೆ ಅವನಿಗೆ ಧೈರ್ಯ. “ಸಾವಿರ ವರ್ಷದ ಹಿಂದೆ ಅದು ‘ಸೋನ’. ಅರ್ಥ, ತಕ್ಷಣ, ಈಗಿಂದೀಗ್ಲೇ. ಜನ ಹಾಗಂದು ಹಾಗಂದು ತಡ ಮಾಡಿದ್ರು. ಪದ ಸವೆದು ‘ಇನ್ನು ಸ್ವಲ್ಪ ಹೊತ್ತಿಗೆ’ ಆಗೋಯ್ತು.”

“ಜನಕ್ಕೆ ಎಷ್ಟು ವರ್ಷ ಹಿಡೀತು?”

“ನೂರಾರು.”

“ನೀನು ಮೂರೇ ವರ್ಷಕ್ಕೆ ಮುಗಿಸ್ಬಿಟ್ಟೆ.”

ಅವನು ತಲೆ ತಗ್ಗಿಸಿ ನಕ್ಕ. ಹಾಗೆ ನಕ್ಕಾಗ ಎಡಗೆನ್ನೆಯಲ್ಲಿ ಬೀಳುವ ಸಣ್ಣ ಗುಳಿಯ ಮೇಲೆ ಅವಳಿಗೆ ವಿಪರೀತ ಸಿಟ್ಟು. ಮೂರು ವರ್ಷ ಕಾಯುವಂತೆ ಮಾಡಿದ್ದು ಅದೇ.

ಗಡಿಯಾರ ನಾಲ್ಕೂವರೆ ದಾಟಿತು. ಅಜ್ಜಿಯ ಮೆಸೇಜು ಬಂತು: ಬಂದವರು ಎದ್ದು ಹೊರಟರು, ಮುಂದಿನ ಭಾನುವಾರ ಬರುತ್ತಾರೆ.

“ನೋಡ್ದಾ? ಬಚಾವಾದ್ವಿ!” ಮನೋಹರ್ ಉಸಿರುಬಿಟ್ಟ. “ಒಂದು ವಾರ ಟೈಮಿದೆ. ಸೂನ್...”

ಅವಳು ಅವನನ್ನೇ ನೋಡಿದಳು. ಹಿಂದೆ ಸೀಟು, ಮುಂದೆ ಸೀಟು, ಆಚೆ ಟಾರ್ಪಾಲು. ಈ ಬಸ್ಸಾದರೂ ಒಂದಲ್ಲ ಒಂದು ಹೊತ್ತಿಗೆ ಕದಲುತ್ತದೆ. ತಾನು ಸಿಕ್ಕಿಕೊಂಡಿರುವುದು ಬಸ್ಸಿನಲ್ಲಲ್ಲ.

“ರಾಹುಕಾಲನಾದ್ರೂ ಒಂದೂವರೆ ಗಂಟೇಲಿ ಮುಗಿಯತ್ತೆ ಕಣೋ. ಮುಂದಿನ ವಾರ ನಾನು ತಲೆ ಬಗ್ಗಿಸ್ತೀನಿ. ಹೂ ಬಿದ್ಮೇಲೆ ನಮ್ಮನೇಲಿ ಮಾತು ತಿರುಗ್ಸಲ್ಲ, ಗೊತ್ತಲ್ಲ?”

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ಮುಖ ಸುಣ್ಣದಂತಾಯಿತು.

“ಫೋನ್ ಕೊಡು.”

“ಈಗ ರಾಹುಕಾಲ,” ಎಂದಳು, ಸುಮ್ಮನೆ ಪರೀಕ್ಷೆಗೆ.

“ಇರ್ಲಿ. ಕೊಡು.”

ಅವಳ ಅಪ್ಪ ಬೈರಣ್ಣ ಮೊದಲ ರಿಂಗಿಗೇ ಎತ್ತಿದರು. “ಎಲ್ಲಿದ್ದೀಯಮ್ಮಾ?”

“ನಾನು ಮನೋಹರ್ ಸಾರ್, ಸಿಂಚನ ಜೊತೆ ಪಾಠ ಮಾಡ್ತೀನಿ. ಅವಳನ್ನ ನನಗೆ ಕೊಡಿ. ಅವಳಿಗೂ ಒಪ್ಪಿಗೆ. ಮೂರು ವರ್ಷದಿಂದ ಕೇಳ್ಬೇಕಂತಿದ್ದೆ, ಹೆದರಿಕೊಂಡಿದ್ದೆ.”

ಮುಂದಿನ ಸೀಟಿನ ಅಜ್ಜಿ ಇವರತ್ತ ತಿರುಗಿ ಕೂತೇಬಿಟ್ಟಿತು. ಫೋನಿನಲ್ಲಿ ಬೈರಣ್ಣ ಗದರಿದರು.

“ರಾಹುಕಾಲದಲ್ಲಿ ಹೆಣ್ಣು ಕೇಳ್ತೀಯಲ್ಲಪ್ಪಾ, ನಿಮ್ಮನೇಲಿ ಹಿರೀಕರು ಯಾರೂ ಇಲ್ವಾ?”

“ಅಮ್ಮ ಇದ್ದಾರೆ, ಸಾರ್.”

“ಮತ್ತೆ? ನೀನು ಹಿಂಗೆ ಫೋನಲ್ಲಿ ಕೇಳಿದ್ರೆ ನಾನೇನು ಹೇಳ್ಲಿ? ಅವರನ್ನ ಕರ್ಕೊಂಡು ಬಾ, ಕೂತು ಮಾತಾಡಾಣ. ಯಾವಾಗ ಬರ್ತೀಯಾ?”

“ಸೂ...” ಎಂದವನು ಸಿಂಚನಳ ಮುಖ ನೋಡಿದ. ಅವಳು ಹುಬ್ಬೇರಿಸಿದ್ದಳು.

“ಇವತ್ತೇ ಸಾರ್. ಆರು ಗಂಟೆ ದಾಟಿದ ಕೂಡ್ಲೇ.”

ಬಸ್ಸು ಇನ್ನೂ ಕದಲಿರಲಿಲ್ಲ. ಮನೋಹರ್ ಎದ್ದು, ಡ್ರೈವರ್ ಕಡೆಯ ಬಾಗಿಲಿಂದ ಇಳಿಯಬಹುದೇ ಎಂದು ಕಂಡಕ್ಟರನ್ನು ಕೇಳಲು ಹೊರಟಿದ್ದ.