ಭಾವನ ಕೋವಿ

"ವರ್ಷಕ್ಕೊಂದೇ ಗುಂಡು ಹೊಡೆದಿರೋದು ಕಣಯ್ಯ, ಹೊಸದೇ ಅಂದ್ಕೊ" ಎಂದು ವರ್ಜಿಲ್ ಆ ಹಳೇ ಕೋವಿಯನ್ನು ಲೋವೆಲ್‌ನ ತಲೆಗೆ ಕಟ್ಟಿದ್ದ. ಹೆಂಡತಿಯ ಅಣ್ಣ, ಬೇಡ ಎನ್ನುವಂತಿರಲಿಲ್ಲ. ಬಾಯಿಂದ ಮದ್ದು ತುಂಬುವ ಕೋವಿ ಅದು. ನಳಿಗೆ ತೊಳೆಯಲು ಬಿಚ್ಚಬೇಕಾದ ಹಿಂಬದಿಯ ತಿರುಪು ತುಕ್ಕು ಹಿಡಿದು ನಳಿಗೆಯೊಂದಿಗೆ ಒಂದಾಗಿಹೋಗಿತ್ತು. ಸೀಮೆಎಣ್ಣೆ, ಸುತ್ತಿಗೆ, ಬೈಗುಳ, ಯಾವುದಕ್ಕೂ ಜಗ್ಗಲಿಲ್ಲ.

ಕಳೆದ ಜನವರಿ, ಬೇಟೆಯ ಕೊನೆಯ ಸಂಜೆ, ಹತ್ತು ಕವಲು ಕೊಂಬಿನ ಗಂಡು ಜಿಂಕೆ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಾಗ ಕೋವಿ 'ಟಿಕ್' ಎಂದಿತು. ಮದ್ದಿಗೆ ಕಿಡಿ ಹೊತ್ತಿಸುವ ಕೇಪನ್ನು ಮೂರು ಸಲ ಬದಲಿಸಿದರೂ 'ಟಿಕ್'. ಜಿಂಕೆ ಅವನನ್ನು ಕನಿಕರದಿಂದ ನೋಡಿ ಹೊರಟುಹೋಯಿತು. ಲೋವೆಲ್ ಕೋವಿಯನ್ನು ಹಾಗೇ ಚೀಲಕ್ಕೆ ತುರುಕಿದ. ಗುರಿ ತಪ್ಪಿದವನ ಅಂಗಿಯ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಅವರ ಬೇಟೆಮನೆಯ ಪದ್ಧತಿ. ಗುಂಡು ಹಾರದಿದ್ದರೂ ಗುರಿ ತಪ್ಪಿದ ಹಾಗೇ ಎಂದು ವರ್ಜಿಲ್ ತೀರ್ಪು ಕೊಟ್ಟು, ತಾನೇ ಕತ್ತರಿ ಹಿಡಿದ.

ವರ್ಜಿಲ್‌ನ ಬಳಿ ಅದೇ ಕೋವಿಯ ಅವಳಿ ಇತ್ತು. ಅದು ಎಂದೂ ಕೈಕೊಟ್ಟದ್ದಿಲ್ಲ.

ಲೋವೆಲ್ ಇಡೀ ವರ್ಷ ತಯಾರಿ ನಡೆಸಿದ. ಭಾವನ ಕೋವಿಯ ಹಿಡಿಯ ಮೇಲಿನ ಮೂರು ಗೀರುಗಳನ್ನು ಫೋಟೋ ನೋಡಿ ತನ್ನದರ ಮೇಲೆ ಕೆತ್ತಿದ. ಅಂಥದೇ ಹೆಗಲಪಟ್ಟಿ ಕಟ್ಟಿದ. ಕೋವಿಯ ಮೇಲೆ ಕೊರೆದ ನಂಬರಿನ ಭಯವಿರಲಿಲ್ಲ, ವರ್ಜಿಲ್‌ಗೆ ಹೆಂಡತಿಯ ಹುಟ್ಟುಹಬ್ಬವೇ ನೆನಪಿರುತ್ತಿರಲಿಲ್ಲ.

ಈ ವರ್ಷದ ಬೇಟೆಯ ಮೊದಲ ಬೆಳಗ್ಗೆ, ಓಹಾಯೊದ ಗುಡ್ಡಗಳಲ್ಲಿ ಹಿಮ ಬೀಳುತ್ತಿತ್ತು. ಕೋವಿಗಳು ಎಂದಿನಂತೆ ಜಗಲಿಯಲ್ಲಿದ್ದವು. ವರ್ಜಿಲ್ ಒಳಗೆ ಪ್ಯಾನ್‌ಕೇಕ್ ಮಗುಚುತ್ತಿದ್ದ. ಲೋವೆಲ್ ಎರಡೇ ನಿಮಿಷದಲ್ಲಿ ಕೋವಿಗಳನ್ನು ಅದಲುಬದಲು ಮಾಡಿದ. ಭಾವನ ಕಡ್ಡಿ ಭಾವನ ಕೈಗೇ ಸಿಗಲೆಂದು, ಮದ್ದು ಗಿಡಿಯುವ ಗಜಕಡ್ಡಿಗಳನ್ನೂ ಬದಲಿಸಲು ಮರೆಯಲಿಲ್ಲ. ಕಡ್ಡಿ ಎಷ್ಟು ಆಳ ಇಳಿಯಬೇಕೆಂದು ತೋರಿಸಲು ಭಾವನ ಕಡ್ಡಿಯಲ್ಲಿ ಎರಡು ಗುರುತುಗಳಿದ್ದವು: ಖಾಲಿ ನಳಿಗೆಗೊಂದು, ತುಂಬಿದ ನಳಿಗೆಗೊಂದು. ಇಂಥ ಸೂಕ್ಷ್ಮ ಎಲ್ಲರಿಗೂ ಹೊಳೆಯುವುದಿಲ್ಲ ಎಂದು ತನ್ನನ್ನೇ ಮೆಚ್ಚಿಕೊಂಡ.

"ಏನಯ್ಯ, ಆರನೇ ಪ್ಯಾನ್‌ಕೇಕ್ ಇಳಿಸ್ತಿದೀಯ?" ತಿಂಡಿಗೆ ಕೂತಾಗ ವರ್ಜಿಲ್ ಕೇಳಿದ.

"ಹಸಿವು, ಭಾವ."

"ತಿನ್ನು ತಿನ್ನು. ಒಳ್ಳೇ ಅಂಗಿ ಹಾಕ್ಕೊಂಡು ಬಂದಿದೀಯ ತಾನೆ? ಹೋದ ವರ್ಷದ್ದು ಗೋಡೇಲಿ ಬಣ್ಣ ಬಿಡ್ತಾ ಇದೆ."

ಲೋವೆಲ್ ನಕ್ಕ. ಈ ಸಲ ನಗುವುದು ಸುಲಭವಾಗಿತ್ತು.

ಇಬ್ಬರೂ ಜಗಲಿಗೆ ಬಂದು ತಂತಮ್ಮ ಕೋವಿ ಎತ್ತಿಕೊಂಡರು. ಮದ್ದು ಹಾಕುವ ಮುಂಚೆ ವರ್ಜಿಲ್, ಲೋವೆಲ್‌ಗೂ ತಾನೇ ಕಲಿಸಿದ್ದಂತೆ, ಗಜಕಡ್ಡಿಯನ್ನು ನಳಿಗೆಯೊಳಕ್ಕೆ ಬಿಟ್ಟ. ಅದು ಮೂರು ಬೆರಳಷ್ಟು ಮೇಲೆಯೇ ನಿಂತಿತು, ತುಂಬಿದ ನಳಿಗೆಯ ಗುರುತಿಗೆ ಸರಿಯಾಗಿ. ಅವನು ಕಡ್ಡಿಯ ತುದಿಗೆ ಗುಂಡು ಕೀಳುವ ತಿರುಪು ಸಿಕ್ಕಿಸಿ, ತಿರುಚಿ ಎಳೆದ. ಹಸಿರು ಪ್ಲಾಸ್ಟಿಕ್ ಕವಚದ ಗುಂಡೊಂದು ಈಚೆ ಬಂತು. ಹಿಂದೆಯೇ ಬೂಸಲು ಹಿಡಿದ ಮದ್ದು ಉದುರಿತು. ಆ ಮನೆಯಲ್ಲಿ ಹಸಿರು ಕವಚ ಬಳಸುವವನು ಒಬ್ಬನೇ. ಹೋದ ವರ್ಷ ಹಾರದ ಗುಂಡು ಎಲ್ಲಿಗೆ ಹೋಗಿರಬಹುದೆಂದು ಲೋವೆಲ್ ಈಗ ಮೊದಲ ಬಾರಿಗೆ ಯೋಚಿಸಿದ. ವರ್ಜಿಲ್ ಅವನ ಕೈಯಲ್ಲಿದ್ದ ತನ್ನ ಕೋವಿಯನ್ನು ನೋಡಿ, ಜೇಬಿನಿಂದ ಕತ್ತರಿ ತೆಗೆದ. "ಬಿಚ್ಚಯ್ಯ. ಈ ಸಲ ಅಂಚು ಸಾಲದು, ಪೂರ್ತಿ ಅಂಗಿ ಬೇಕು."