ಮೂರನೇ ಕಿಲೋಮೀಟರ್

"ಶೂ ಬಿಚ್ಚಿ."

"ಬಿಚ್ಚಲ್ಲ."

"ಮೇಡಂ, ಪಾದ ಊದ್ಕೊಂಡಿದೆ. ಶೂ ಮೇಲಿಂದಲೇ ಗೊತ್ತಾಗ್ತಿದೆ."

"ಅದಕ್ಕೇ ಬಿಚ್ಚಲ್ಲ ಅಂದಿದ್ದು. ಒಂದ್ಸಲ ಬಿಚ್ಚಿದ್ರೆ ಮತ್ತೆ ಹಾಕ್ಕೊಳ್ಳೋಕೆ ಆಗಲ್ಲ. ನಂಗಿನ್ನೂ ಎಂಟು ಕಿಲೋಮೀಟರ್ ಬಾಕಿ ಇದೆ."

ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದ ಅವಳು ಎಡಗಾಲಿನ ಶೂವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನು ಅವಳೆದುರು ಮಂಡಿಯೂರಿದ್ದ. ಬೆಳಗಿನ ಓಟದ ಗುಂಪಿನಲ್ಲಿ ಅವನನ್ನು ನೋಡಿದ್ದಳು, ಮಾತಾಡಿಸಿರಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಅಲೆದು ಲಿಫ್ಟ್ ರಿಪೇರಿ ಮಾಡುವವನು. ಗುಂಪಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದೂ ಲಿಫ್ಟ್ ಅಂತಲೇ.

"ಎಲ್ಲಿ ನೋವು?"

"ಎಲ್ಲೂ ಇಲ್ಲ."

ಅವನು ಶೂ ಲೇಸಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದ. ಅವಳು ಚೀರಿದಳು.

"ಎಲ್ಲೂ ಇಲ್ಲದ ನೋವಿಗೆ ಕೂಗು ಜೋರಾಗೇ ಇದೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. ಇವತ್ತು ಅಳು ಉಕ್ಕಿ ಬಂತು. ಅಪರಿಚಿತನ ಮುಂದೆ, ನಡುರಸ್ತೆಯಲ್ಲಿ, ಬೆಳಗಿನ ಆರೂವರೆಗೆ... ನಾಚಿಕೆಯಾದರೂ ತಡೆಯಲಾಗಲಿಲ್ಲ.

"ಈ ವಾಚ್ ನನ್ನದಲ್ಲ, ಅಣ್ಣಂದು," ಎಂದಳು. "ಇದರಲ್ಲಿ ಒಂದು ದಿನವೂ ಖಾಲಿ ಬಿಡಬಾರದು ನಾನು."

ಅಣ್ಣ ಯಾಕೆ ಬರಲಿಲ್ಲ ಎಂದು ಅವನು ಕೇಳಲಿಲ್ಲ. ಗುಂಪಿನಲ್ಲಿ ಎಲ್ಲರಿಗೂ ಆ ಸುದ್ದಿ ಗೊತ್ತಿತ್ತು. ಎರಡು ವರ್ಷದ ಹಿಂದೆ, ಊರಿನ ಇಪ್ಪತ್ತೊಂದು ಕಿಲೋಮೀಟರ್ ಓಟದಲ್ಲಿ, ಹದಿನೇಳನೇ ಕಿಲೋಮೀಟರಿನ ಫಲಕದ ಹತ್ತಿರ ಒಬ್ಬ ಕುಸಿದು ಬಿದ್ದಿದ್ದ. ಮತ್ತೆ ಏಳಲಿಲ್ಲ.

ಗುಂಪಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುವವಳು. ದಿನಕ್ಕೆ ನಲವತ್ತು ಜನರ ಎದೆಬಡಿತ ಕಾಗದಕ್ಕಿಳಿಸುವ ಕೈ ಅವಳದು. ಓಟಕ್ಕೆ ಮೂರು ದಿನ ಮೊದಲು ಅಣ್ಣ, "ಎದೆ ಹಿಡಿದ ಹಾಗಾಗುತ್ತೆ ಕಣೇ, ಗ್ಯಾಸ್ ಇರಬೇಕು," ಎಂದಿದ್ದ. ಇವಳು ಬಟ್ಟೆ ಮಡಚುತ್ತಾ ತಲೆಯೆತ್ತದೆ, "ಭಾನುವಾರ ಓಟ ಮುಗಿಸ್ಕೊಂಡು ಬಾ, ಸೋಮವಾರ ನೋಡೋಣ," ಎಂದಿದ್ದಳು.

ಸೋಮವಾರ ಬಂತು. ಅಣ್ಣ ಇರಲಿಲ್ಲ.

ಅವನ ಕಪಾಟಿನಲ್ಲಿ ಹದಿನಾರು ವಾರದ ತರಬೇತಿಯ ಪುಸ್ತಕ ಸಿಕ್ಕಿತು. ಅವಳು ಮೊದಲ ಪುಟದಿಂದ ಅದೇ ಓಟಗಳನ್ನು ಓಡತೊಡಗಿದಳು. ಅವನ ಅಂಕಿಯ ಪಕ್ಕ ತನ್ನ ಅಂಕಿ. ಹದಿನೇಳನೇ ಕಿಲೋಮೀಟರನ್ನು ಆ ವಾಚು ದಾಟಬೇಕು. ಅವಳ ಬದುಕಿನಲ್ಲಿ ಬೇಕಾಗಿದ್ದುದು ಅದೊಂದೇ.

ಲಿಫ್ಟ್ ರಿಪೇರಿಯವನು ಆಟೋ ಹಿಡಿದು ಅವಳನ್ನು ಅವಳದೇ ಆಸ್ಪತ್ರೆಗೆ ಕರೆದೊಯ್ದ. ದಾರಿಯಲ್ಲಿ ಪುಸ್ತಕದ ವಿಷಯ ಅವಳೇ ಹೇಳಿದಳು. ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಕೂರಿಸಿ ಕೈ ಚಾಚಿದ.

"ವಾಚ್ ಕೊಡಿ."

"ಯಾಕೆ?"

"ಎಂಟು ಬಾಕಿ ಅಂದ್ರಲ್ಲ..."

ರಿಪೋರ್ಟು ಬರುವಷ್ಟರಲ್ಲಿ ಅವನು ಆಸ್ಪತ್ರೆಯ ಕಾಂಪೌಂಡಿನ ಸುತ್ತ ಎಂಟು ಕಿಲೋಮೀಟರ್ ಓಡಿ ಬಂದಿದ್ದ. ಯಾರಿಗೆ ಸೀರಿಯಸ್ಸು ಎಂದು ಸೆಕ್ಯುರಿಟಿಯವನು ಮೂರು ಸಲ ತಡೆದು ಕೇಳಿದನಂತೆ. ಪಾದದ ಮೂಳೆಯಲ್ಲಿ ಸಣ್ಣ ಬಿರುಕು, ಆರು ವಾರ ಪ್ಲಾಸ್ಟಿಕ್ ಬೂಟು ಎಂದರು ಡಾಕ್ಟರು. ಓಟಕ್ಕೆ ಉಳಿದಿದ್ದದ್ದು ಹತ್ತೇ ವಾರ.

"ಅಲ್ಲಿವರೆಗೂ ನಾನು ಓಡ್ತೀನಿ. ನಿಮ್ಮ ಪುಸ್ತಕದಲ್ಲಿ ಇರೋ ಹಾಗೇ," ಎಂದ ಅವನು. ಅವಳು ಬೇಡ ಎನ್ನಬೇಕಿತ್ತು. ವಾಚನ್ನು ಅವನ ಕೈಯಲ್ಲೇ ಬಿಟ್ಟಳು.

ಮನೆಯಲ್ಲಿ ಅಮ್ಮ ಬೂಟನ್ನು ನೋಡಿದರು. ಆಮೇಲೆ, "ಆ ರಸ್ತೆ ಒಬ್ಬನನ್ನ ತಿಂದಿದ್ದು ಸಾಲದಾಗಿತ್ತಾ?" ಎಂದು ಒಳಗೆ ಹೋದರು. ಆ ಮನೆಯಲ್ಲಿ ಓಟದ ಬಗ್ಗೆ ಅಷ್ಟೇ ಮಾತು.

ಬೆಳಿಗ್ಗೆ ಆರಕ್ಕೆ ಅವಳಿಗೆ ತಾನಾಗಿ ಎಚ್ಚರವಾಗುತ್ತಿತ್ತು. ಕಿಟಕಿಯ ಹತ್ತಿರ ಕುರ್ಚಿ ಹಾಕಿ, ಕಾಲನ್ನು ಸ್ಟೂಲಿನ ಮೇಲಿಟ್ಟು, ರಸ್ತೆಗೆ ಬೆನ್ನು ಮಾಡಿ ಕೂರುತ್ತಿದ್ದಳು. ಓಡುವವರ ಹೆಜ್ಜೆ ಕೇಳಿದರೂ ತಿರುಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಇಸಿಜಿ ಕೋಣೆಗೆ ಬರುತ್ತಿದ್ದ. ಕೈಗೆ ಗ್ರೀಸು ಮೆತ್ತಿರುತ್ತಿತ್ತು. ವಾಚನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದ. ಅದು ದಾರಿಯ ನಕ್ಷೆ ತೋರಿಸುವಂಥ ಹೊಸ ವಾಚಲ್ಲ. ದೂರ, ವೇಗ, ಎದೆಬಡಿತ, ಇಷ್ಟೇ. ಅವಳು ಅದನ್ನು ಕಂಪ್ಯೂಟರಿಗೆ ಜೋಡಿಸಿ ವಾರದ ಓಟವನ್ನೆಲ್ಲ ಪುಸ್ತಕಕ್ಕಿಳಿಸಿ ವಾಪಸ್ ಕೊಡುತ್ತಿದ್ದಳು.

"ನಿಮ್ಮ ಆಸ್ಪತ್ರೆ ಎರಡನೇ ಲಿಫ್ಟು ನನ್ನ ಥರಾನೇ, ಮೇಡಂ. ಮೇಲೆ ಹೋಗೋವಾಗ ಗೊಣಗುತ್ತೆ, ಆದ್ರೆ ಹೋಗುತ್ತೆ."

ಅವಳು ನಕ್ಕಳು. ನಕ್ಕ ಮೇಲೆ ಬೆಚ್ಚಿದಳು. ಎಷ್ಟು ದಿನವಾಗಿತ್ತು ನಕ್ಕು? ಮೂರನೇ ಶನಿವಾರದ ಹೊತ್ತಿಗೆ ಕಾರಿಡಾರಿನಲ್ಲಿ ಲಿಫ್ಟಿನ ಬಾಗಿಲು ತೆರೆದ ಸದ್ದಾದರೆ ಸಾಕು, ಅವಳ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. 'ವಾಚಿಗೋಸ್ಕರ ಕಾಯ್ತಿದೀನಿ, ಅಷ್ಟೇ,' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಯಾರೂ ಕೇಳಿರಲಿಲ್ಲ ಅವಳನ್ನು!

ಐದನೇ ಶನಿವಾರ ಅವಳ ಎದೆ ಧಸಕ್ಕೆಂದಿತು.

ಕಂಪ್ಯೂಟರಿನಲ್ಲಿ ಐದೂ ವಾರದ ಓಟಗಳನ್ನು ಒಂದರ ಕೆಳಗೊಂದು ತೆರೆದಿದ್ದಳು. ಪ್ರತಿದಿನವೂ ಮೂರನೇ ಕಿಲೋಮೀಟರಿನಲ್ಲಿ ಅವನ ವೇಗ ಇಳಿಯುತ್ತಿತ್ತು. ವೇಗ ಇಳಿದರೆ ಎದೆಬಡಿತವೂ ಇಳಿಯಬೇಕು. ಆದರೆ ಅದು ಅಲ್ಲಿ ನೂರಾ ನಲವತ್ತರಿಂದ ನೂರಾ ಎಪ್ಪತ್ತಕ್ಕೆ ಏರಿ, ಒಂದು ನಿಮಿಷ ನಿಂತು, ಮತ್ತೆ ಇಳಿಯುತ್ತಿತ್ತು. ದಿನಾ. ತಪ್ಪದೆ.

ಅಣ್ಣನ ಕೊನೆಯ ವಾರಗಳ ಓಟದಲ್ಲೂ ಇಂಥವೇ ಏರಿಳಿತಗಳಿದ್ದವು. ಅವನು ಹೋದ ಮೇಲೆ ನೋಡಿದ್ದಳು.

"ಮೂರನೇ ಕಿಲೋಮೀಟರಿನಲ್ಲಿ ನಿಮಗೆ ಏನಾಗುತ್ತೆ?"

ಅವನ ಮುಖದ ಬಣ್ಣ ಬದಲಾಯಿತು. "ಏನೂ... ಏನೂ ಆಗಲ್ಲ."

"ನಿಧಾನ ಮಾಡ್ತೀರಿ. ಯಾಕೆ? ಎದೆ ಹಿಡಿದ ಹಾಗಾಗುತ್ತಾ? ತಲೆ ಸುತ್ತು?"

"ಇಲ್ಲ ಮೇಡಂ."

"ಮಲಗಿ. ಇಸಿಜಿ ತೆಗೀತೀನಿ."

"ಸುಮ್ನೆ ಯಾಕೆ... ಇನ್ನೊಂದು ದಿನ ನೋಡೋಣ." ಕಣ್ಣು ತಪ್ಪಿಸಿ ಹೊರಟೇ ಹೋದ.

ಇನ್ನೊಂದು ದಿನ. ಆ ಮಾತು ಅವಳನ್ನು ಎರಡು ದಿನ ಊಟ ಮಾಡಲು ಬಿಡಲಿಲ್ಲ. ಮೂರನೇ ದಿನ ಕುಂಟುತ್ತಾ ಹೋಗಿ ಗುಂಪಿನ ಕೋಚ್ ಆಗಿದ್ದ ಮೇಷ್ಟ್ರ ಮುಂದೆ ಆ ಕಾಗದಗಳನ್ನೆಲ್ಲ ಹರಡಿದಳು. ಮೇಷ್ಟ್ರು ಅವಳ ಅಣ್ಣನಿಗೂ ಕೋಚ್ ಆಗಿದ್ದು, ಅವನನ್ನು ಕಳೆದುಕೊಂಡವರು. ಡಾಕ್ಟರ ಸರ್ಟಿಫಿಕೇಟು ತರುವವರೆಗೆ ಓಡಕೂಡದೆಂದು ಲಿಫ್ಟ್ ರಿಪೇರಿಯವನಿಗೆ ಎಲ್ಲರೆದುರೇ ಹೇಳಿಬಿಟ್ಟರು.

ಮಧ್ಯಾಹ್ನವೇ ಅವನು ಬಂದ. ಅಂದು ಶನಿವಾರವಾಗಿರಲಿಲ್ಲ.

"ನನ್ನ ಎದೆ ಕೆಟ್ಟಿದೆ ಅಂತ ಊರಿಗೆಲ್ಲ ಸಾರೋಕೆ ಮೊದಲು ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದೆ. ನೀವು ಓಡಿಹೋದ್ರಿ."

"ಹೌದು, ಓಡೋನೇ ಅಲ್ವಾ ನಾನು. ನಿಮಗೆ ಬೇಕಾಗಿದ್ದಿದ್ದೂ ಎರಡು ಕಾಲು. ಆ ಕಾಲಿಗೆ ಗ್ಯಾರಂಟಿ ಇಲ್ಲ ಅನ್ನಿಸಿದ ತಕ್ಷಣ ಬೇರೆ ಕಾಲು ಹುಡುಕ್ತೀರಿ. ಅಷ್ಟೇ ತಾನೇ?"

ಅಲ್ಲ ಎನ್ನಬೇಕಿತ್ತು. ಹೊರಗೆ ಎಂಟು ಜನ ಟೋಕನ್ ಹಿಡಿದು ಕಾಯುತ್ತಿದ್ದರು. ಅವನು ಕರವಸ್ತ್ರದ ಗಂಟು ಬಿಚ್ಚಿ ವಾಚನ್ನು ಮೇಜಿನ ಮೇಲಿಟ್ಟು ಹೋದ.

ಪುಸ್ತಕದಲ್ಲಿ ಮೊದಲ ಸಲ ಒಂದು ದಿನ ಖಾಲಿ ಬಿತ್ತು. ಆಮೇಲೆ ಇನ್ನೊಂದು. ಕಾಲಿನ ಬೂಟು ಬಿಚ್ಚಿದ ದಿನವೂ ಖಾಲಿಯೇ. ಒಂಬತ್ತು ದಿನ... ವಿಚಿತ್ರವೆಂದರೆ, ಅವಳಿಗೆ ಆ ಖಾಲಿ ದಿನಗಳ ಬಗ್ಗೆ ಸಂಕಟವಾಗಲಿಲ್ಲ. 'ಅವನು ಎಲ್ಲಾದರೂ ಒಬ್ಬನೇ ಓಡ್ತಿದ್ರೆ? ಮೂರನೇ ಕಿಲೋಮೀಟರಿನಲ್ಲಿ ಬಿದ್ರೆ? ಎತ್ತೋಕೆ ಯಾರಿರ್ತಾರೆ?' ಒಂಬತ್ತು ದಿನವೂ ಅದೊಂದೇ ಯೋಚನೆ. ತಾನು ವಾಚಿಗೋಸ್ಕರ ಕಾಯುತ್ತಿರಲಿಲ್ಲ ಎಂಬುದು ಅವಳಿಗೆ ಅರ್ಥವಾದದ್ದು ಹೀಗೆ.

ಹತ್ತನೇ ದಿನ ಹತ್ತೊಂಬತ್ತನೇ ಟೋಕನ್ ಕೂಗಿದಳು. ಒಳಗೆ ಬಂದವನು ಅವನು.

"ಸರ್ಟಿಫಿಕೇಟಿಗೆ," ಎಂದು ಡಾಕ್ಟರ ಚೀಟಿ ಮುಂದಿಟ್ಟ. ಗಂಟುಮುಖ.

"ಶರ್ಟ್ ಬಿಚ್ಚಿ."

"ಬಿಚ್ಚಲ್ಲ ಅಂದ್ರೆ?"

ಅವಳು ಜೆಲ್ ಟ್ಯೂಬಿನ ಮುಚ್ಚಳ ತೆಗೆದಳು. ಅವನು ಸುಮ್ಮನೆ ಬಿಚ್ಚಿ ಮಲಗಿದ. ದಿನಕ್ಕೆ ನಲವತ್ತು ಜನರಿಗೆ ವೈರು ಹಚ್ಚುವ ಕೈ ಅಂದು ಒಂದು ವೈರನ್ನು ತಪ್ಪು ಜಾಗಕ್ಕೆ ಹಚ್ಚಿ ಮತ್ತೆ ತೆಗೆಯಿತು. ತಣ್ಣನೆಯ ಜೆಲ್ಲಿಗೆ ಅವನು ಮೈ ಬಿಗಿಹಿಡಿದ. ಮಷೀನು ಕಾಗದ ಉಗುಳತೊಡಗಿತು. ನಿಮಿಷಕ್ಕೆ ನೂರಾ ಹನ್ನೆರಡು.

'ಮಲಗಿದವನಿಗೆ ನೂರಾ ಹನ್ನೆರಡಾ?' ಮಷೀನನ್ನು ಹಾಗೇ ಬಿಟ್ಟು ಡಾಕ್ಟರನ್ನು ಕರೆಯಲು ಹೊರಗೆ ಓಡಿದಳು, ವಾಸಿಯಾಗುತ್ತಿದ್ದ ಕಾಲು ಮರೆತು. ಡಾಕ್ಟರು ಇನ್ನೊಂದು ವಾರ್ಡಿನಲ್ಲಿದ್ದರು. ವಾಪಸ್ ಬಂದಾಗ ಕಾಗದ ನೆಲದವರೆಗೂ ಇಳಿದಿತ್ತು. ಎತ್ತಿ ನೋಡಿದಳು.

ಅವಳು ಹೊರಗೆ ಹೋದ ಮೇಲೆ ಬಡಿತ ಇಳಿದಿತ್ತು. ಎಪ್ಪತ್ತು, ಅರವತ್ತೆರಡು, ಐವತ್ತೆಂಟು. ಒಂದೇ ಸಮ, ಪಾಠಪುಸ್ತಕದಲ್ಲಿರುವಂತೆ. ಅವಳು ಬಾಗಿಲು ತೆರೆದ ಕ್ಷಣದಿಂದ ಮತ್ತೆ ಏರಿತ್ತು. ಅವಳು ನೋಡುತ್ತಿದ್ದಂತೆಯೇ ನೂರು ದಾಟಿತು.



"ಮೂರನೇ ಕಿಲೋಮೀಟರಿನಲ್ಲಿ ಏನಿದೆ?" ಎಂದಳು ಮೆಲ್ಲಗೆ.

ಅವನು ಚಾವಣಿ ನೋಡುತ್ತಾ ಹೇಳಿದ. "ನಿಮ್ಮ ಮನೆ."

ಅವಳು ಗುಂಡಿ ಒತ್ತಿ ಮಷೀನು ನಿಲ್ಲಿಸಿದಳು.

"ಕಿಟಕಿ ಹತ್ರ ಕೂತಿರ್ತೀರಿ, ಬೆನ್ನು ಮಾಡ್ಕೊಂಡು. ಜಡೆ ಕಾಣುತ್ತೆ, ಸ್ಟೂಲ್ ಮೇಲಿನ ಕಾಲು ಕಾಣುತ್ತೆ. ಇವತ್ತಾದ್ರೂ ತಿರುಗ್ತಾರೇನೋ ಅಂತ ನಿಧಾನ ಮಾಡ್ತೀನಿ. ತಿರುಗಿದ್ರೆ ಏನು ಮಾಡೋದು ಅಂತ ಗೊತ್ತಿಲ್ಲದೆ ಹೊಡ್ಕೊಳ್ಳುತ್ತೆ. ಅಷ್ಟೇ."

"ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?"

"ನಿಮ್ಮಣ್ಣನ ವಾಚ್ ಕಟ್ಕೊಂಡು ಓಡ್ತಿದ್ದೆ. ಆ ಹೊತ್ತಲ್ಲಿ ನಿಮ್ಮ ಕಿಟಕಿ ನೋಡ್ತಿದ್ದೆ ಅಂತ ಯಾವ ಮುಖ ಇಟ್ಕೊಂಡು ಹೇಳಲಿ? ಕಳ್ಳತನ ಅನ್ನಿಸ್ತಿತ್ತು."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಅಣ್ಣ ಹೋದ ದಿನ ಅತ್ತಿರಲಿಲ್ಲ, ಅಮ್ಮನನ್ನು ಹಿಡಿದುಕೊಳ್ಳಬೇಕಿತ್ತು. ಆಮೇಲೆ ಅಳುವ ಹಕ್ಕು ತನಗಿಲ್ಲ ಅನ್ನಿಸಿತ್ತು. ಈಗ ಆ ಸೋಮವಾರದ ಕಥೆಯನ್ನು ಅವನಿಗೆ ಪೂರ್ತಿ ಹೇಳಿದಳು, ಅಳುತ್ತಲೇ. ವೈರುಗಳು ಎದೆಗೆ ಅಂಟಿಕೊಂಡಿದ್ದವನು ಏಳಲಾರದೆ, ಮಲಗಿದಲ್ಲಿಂದಲೇ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡ.

"ಓಡೋದು ಬಿಡಲಾ?" ಎಂದ.

ಬಿಡಿ ಎಂದು ಅವಳ ಮನಸ್ಸು ಕೂಗಿತು. ಬಾಯಿ ಬೇರೆಯದೇ ಹೇಳಿತು. "ಬೇಡ. ಆದ್ರೆ ಟ್ರೆಡ್‌ಮಿಲ್ ಟೆಸ್ಟು, ಎಕೋ, ಎರಡೂ ಮಾಡಿಸ್ಕೊಳ್ಳಿ. ಇನ್ನೊಂದು ದಿನ ಅಲ್ಲ. ಇವತ್ತೇ."

ಅವತ್ತೇ ಮಾಡಿಸಿದ. ಮುಚ್ಚಿದ ಬಾಗಿಲ ಹೊರಗೆ ಅವಳು ಅರ್ಧ ಗಂಟೆ ನಿಂತಿದ್ದಳು. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ರಿಪೋರ್ಟನ್ನು ಮೂರು ಸಲ ಓದಿದಳು.

ಓಟದ ದಿನ ಮೋಡ ಮುಚ್ಚಿತ್ತು. ಅವಳಿಗೆ ನಡೆಯಲು ಮಾತ್ರ ಅಪ್ಪಣೆ. ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ಹೊಸ್ತಿಲಿಗೆ ಬಂದರು. "ನಾನೂ ಬರ್ತೀನಿ," ಎಂದರು. ಎರಡು ವರ್ಷದಲ್ಲಿ ಆ ರಸ್ತೆಗೆ ಅವರು ಕಾಲಿಟ್ಟಿರಲಿಲ್ಲ.

ಹದಿನೇಳನೇ ಕಿಲೋಮೀಟರಿನ ಫಲಕದ ಹತ್ತಿರ ತಾಯಿ ಮಗಳು ನಿಂತರು. ಸಾಮಾನ್ಯ ರಸ್ತೆ. ಒಂದು ಬೀಗ ಹಾಕಿದ ಅಂಗಡಿ, ಒಂದು ವಿದ್ಯುತ್ ಕಂಬ. ಅಮ್ಮ ಕಂಬವನ್ನು ಒಮ್ಮೆ ಮುಟ್ಟಿ ಕೈ ತೆಗೆದರು. ನೂರಾರು ಜನ ದಾಟಿ ಹೋದರು. ಕೊನೆಗೆ ಅವನು ಕಂಡ. ಬಂದವನು ಫಲಕಕ್ಕೆ ಎರಡು ಹೆಜ್ಜೆ ಹಿಂದೆಯೇ ನಿಂತುಬಿಟ್ಟ.

"ಎದೆ ಹಿಡಿದ ಹಾಗೆ ಏನಾದ್ರೂ..." ಅಮ್ಮ ಅವನ ತೋಳು ಹಿಡಿದರು; ಅವನ ವಿಷಯವನ್ನು ಮಗಳು ದಾರಿಯಲ್ಲಿ ಹೇಳಿದ್ದಳು.

"ಇಲ್ಲಮ್ಮ."

"ನಿಜ ಹೇಳು."

"ನಿಜವಾಗ್ಲೂ ಇಲ್ಲಮ್ಮ."

ಅಮ್ಮ ಅವನ ಬೆವರಿನ ಮುಖವನ್ನು ಸೆರಗಿನಿಂದ ಒರೆಸಿದರು. "ನಿಧಾನವಾಗಿ ಹೋಗಿ, ಇಬ್ಬರೂ," ಎಂದು ಕಂಬದ ಕಡೆ ತಿರುಗಿ ನಿಂತರು.

ಅವನು ವಾಚು ಬಿಚ್ಚಿ ಅವಳ ಕೈಗೆ ಕಟ್ಟಿದ. ಅಣ್ಣ ಬಿಟ್ಟಲ್ಲಿಂದ ಅವಳು ಹೆಜ್ಜೆ ಇಟ್ಟಳು. ಉಳಿದ ನಾಲ್ಕು ಕಿಲೋಮೀಟರನ್ನು ಇಬ್ಬರೂ ನಡೆದೇ ಮುಗಿಸಿದರು. ಅವಳು ಮಧ್ಯೆ ಎರಡು ಸಲ ಅತ್ತಳು, ಅವನು ಪಕ್ಕದಲ್ಲೇ ನಡೆದ. ತಲುಪಿದಾಗ ಕೆಲಸದವರು ಗೆರೆಯ ಮೇಲಿನ ಕಮಾನು ಬಿಚ್ಚುತ್ತಿದ್ದರು. ಮೇಷ್ಟ್ರು ಮಾತ್ರ ಛತ್ರಿ ಹಿಡಿದು ಕಾಯುತ್ತಿದ್ದರು.

ಗೆರೆ ದಾಟಿ ಅವಳು ಅಣ್ಣನ ವಾಚಿನ ಗುಂಡಿ ಒತ್ತಿದಳು.

ಅವನು ಬಗ್ಗಿ ನೋಡಿದ. "ನೂರಾ ಐವತ್ತು? ಬರೀ ನಡೆದಿದ್ದಕ್ಕೆ ಇಷ್ಟಾ? ಡಾಕ್ಟರಿಗೆ ತೋರಿಸ್ಬೇಕು ಮೇಡಂ."

"ಬೇಡ," ಎಂದು ಅವಳು ಅವನ ಕೈ ಹಿಡಿದಳು. "ಯಾಕೆ ಅಂತ ನಂಗೆ ಗೊತ್ತು."