ಹಾರ್ಲನ್ ತಲೆ ಬಾಚಿದವಳು

"ಕೈ ಬಾನೆಟ್ ಮೇಲಿಡಿ, ಮಿಸ್ ವರ್ನಾ."

ಇಟ್ಟೆ.

ಅಂಗೈ ಕೆಳಗೆ ಬಾನೆಟ್ ಸುಡುತ್ತಿತ್ತು. ಬೆನ್ನ ಮೇಲೆ ನವೆಂಬರಿನ ಗಾಳಿ ಕೊರೆಯುತ್ತಿತ್ತು. ಡೆಪ್ಯುಟಿ ಕೋಯ್ ಬ್ರಾನ್ಸನ್‌ನ ಪಿಸ್ತೂಲು ಸೊಂಟದಲ್ಲೇ ಇತ್ತು. ಆದರೆ ಅದರ ಪಟ್ಟಿ ಬಿಚ್ಚಿತ್ತು... ನಾನು ಅದನ್ನು ಮೊದಲು ನೋಡಿದೆ. ಅಂಥದ್ದನ್ನು ಮೊದಲು ನೋಡಬೇಕೆಂದು ಅವನಿಗೆ ಕಲಿಸಿದವಳೂ ನಾನೇ.

ಶುಕ್ರವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತು. ಹತ್ತಕ್ಕೆ ನಾನು ಕೋರ್ಟ್‌ಹೌಸಿನಲ್ಲಿರಬೇಕು. ಇನ್ನೂ ಹನ್ನೆರಡು ಮೈಲಿ.

"ಏನಪ್ಪಾ ನನ್ನ ತಪ್ಪು?"

"ಹಿಂದಿನ ಲೈಟ್ ಒಡೆದಿದೆ."

"ಬೆಳಿಗ್ಗೆ ಸರಿಯಾಗಿತ್ತಲ್ಲ?"

ಅವನು ನನ್ನ ಪಿಕಪ್ಪಿನ ಹಿಂದಕ್ಕೆ ಹೋದ. ಬೂಟುಗಾಲಿನ ಒಂದು ಒದೆತ. ಗಾಜು ಉದುರಿದ ಸದ್ದು.

"ಈಗ ನೋಡಿ. ಒಡೆದಿದೆ."

ಇದೇ ಲೈಟಿನ ಆಟವನ್ನು ಇವರು ಆಗಸ್ಟಿನಲ್ಲಿ ಶವಸಂಸ್ಕಾರದ ಮನೆಯ ಪೀಚಸ್ ಮೇಲೂ ಆಡಿದ್ದರು. ಅವಳು ಕರೋನರ್ ಸ್ಥಾನದ ಚುನಾವಣೆಗೆ ಅರ್ಜಿ ಹಾಕಲು ಹೊರಟಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಇದೇ ಕೋಯ್ ಅವಳ ಕಾರು ನಿಲ್ಲಿಸಿ ಹನ್ನೆರಡೂ ಐದರವರೆಗೆ ಲೈಸೆನ್ಸು ಓದಿದ. ಅವಳ ಹೆಸರು ಮತಪತ್ರಕ್ಕೆ ಏರಲೇ ಇಲ್ಲ.

"ಕಾಗದ ಎಲ್ಲಿ?" ಎಂದ.

"ಯಾವ ಕಾಗದ?"

"ಮಿಸ್ ವರ್ನಾ, ನಿಮ್ಮ ಮೇಲೆ ನಂಗೆ ಗೌರವ ಇದೆ. ಕೈ ಮಾಡೋ ಹಾಗೆ ಮಾಡ್ಬೇಡಿ."

ಕಾಗದದ ವಿಷಯ ಗೊತ್ತಿದ್ದವರು ನನ್ನನ್ನು ಬಿಟ್ಟರೆ ಮೂವರು. ಅದಕ್ಕೆ ಸಹಿ ಹಾಕಿದ ಜಡ್ಜ್ ವಾಸ್. ಅದಕ್ಕಾಗಿ ಅರ್ಜಿ ಕೊಟ್ಟ ಲೆನೋರಾ ಪೈಕ್. ಅದಕ್ಕೆ ಮುದ್ರೆ ಒತ್ತಿದ ಕೌಂಟಿ ಕ್ಲರ್ಕ್ ಡೋರಿಸ್ ಆಂಕ್ರಮ್. ಮೂವರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರು.

ಯಾರು?

ನನ್ನ ಅನುಮಾನ ಡೋರಿಸ್ ಮೇಲೆ. ಇನ್ನು ನಲವತ್ತು ನಿಮಿಷಕ್ಕೆ ನಮ್ಮೆಲ್ಲರ ಜುಟ್ಟು ಅವಳ ಕೈಯಲ್ಲಿ!

ನಾನು ಯಾರೆಂದು ಹೇಳಿಬಿಡುತ್ತೇನೆ. ವರ್ನಾ ಸ್ಟ್ರೌಡ್. ಹದಿನಾಲ್ಕು ವರ್ಷ ಡೆಪ್ಯುಟಿಯಾಗಿದ್ದೆ. ಶೆರಿಫ್ ಗ್ರೇಡಿ ಪೆನ್‌ಲ್ಯಾಂಡ್ ನನ್ನನ್ನು ಹೊರಗೆ ಹಾಕಿದ ಮೇಲೆ ಮನೆಮನೆಗೆ ಕೋರ್ಟಿನ ಸಮನ್ಸ್ ಮುಟ್ಟಿಸುತ್ತೇನೆ. ಚುನಾವಣೆ ಮುಗಿದ ಮೇಲೆ ರಸ್ತೆಬದಿಯ ಪ್ರಚಾರದ ಬೋರ್ಡುಗಳನ್ನು ಕೀಳುವ ಗುತ್ತಿಗೆಯೂ ನನ್ನದೇ. ಹೊಟ್ಟೆಪಾಡು ನೋಡಿ.

ಸಮನ್ಸ್ ಹಂಚುವವರಿಗೆ ಒಂದು ಹಳೇ ಕಾನೂನು ಗೊತ್ತಿರುತ್ತದೆ. ನಮ್ಮ ಕೌಂಟಿಯಲ್ಲಿ ಯಾರನ್ನು ಬೇಕಾದರೂ ಶೆರಿಫ್ ಹಿಡಿಯಬಹುದು. ಶೆರಿಫನನ್ನು ಮಾತ್ರ ಅವನ ಡೆಪ್ಯುಟಿಗಳು ಹಿಡಿಯುವಂತಿಲ್ಲ. ಅವನ ಮೇಲೆ ವಾರಂಟ್ ಬಂದರೆ ಅದನ್ನು ಜಾರಿ ಮಾಡುವ ಅಧಿಕಾರ ಒಬ್ಬರಿಗೇ ಇರುವುದು. ಹೆಣ ನೋಡಿ ಸಾವಿನ ಕಾರಣ ಬರೆಯುವ ಕರೋನರ್‌ಗೆ.

ಲೆನೋರಾಳ ತಮ್ಮ ವೆಸ್ ಜುಲೈನಲ್ಲಿ ಶೆರಿಫನ ಜೈಲಿನಲ್ಲಿ ಸತ್ತ. ಕೋರ್ಟಿನ ತಾರೀಕು ಮರೆತಿದ್ದಕ್ಕೆ ಹಿಡಿದು ತಂದಿದ್ದರು. ಮೂರನೇ ದಿನ ಹೆಣ. ಮೇಲಿನ ಮಂಚದಿಂದ ಬಿದ್ದ ಎಂದರು. ಆ ಕೋಣೆಯಲ್ಲಿ ಮೇಲಿನ ಮಂಚವೇ ಇರಲಿಲ್ಲ!

ಕಂಡುಹಿಡಿದವಳು ಪೀಚಸ್. ಇಪ್ಪತ್ತೆರಡು ವರ್ಷದಿಂದ ಶವಸಂಸ್ಕಾರದ ಮನೆಯಲ್ಲಿ ಹೆಣಗಳಿಗೆ ಬಟ್ಟೆ ತೊಡಿಸಿ ತಲೆ ಬಾಚುವವಳು. ವೆಸ್‌ನ ಕಾಲರಿನ ಗುಂಡಿ ಹಾಕುವಾಗ ಕುತ್ತಿಗೆಯಲ್ಲಿ ನಾಲ್ಕು ಬೆರಳಿನ ಗುರುತು ಕಂಡಳು. ಪಕ್ಕದ ಕೋಣೆಯ ಕೈದಿ ಬಿಡುಗಡೆಯಾದ ಮೇಲೆ ಆ ಬೆರಳು ಯಾರದೆಂದು ಜಡ್ಜ್ ಮುಂದೆ ಪ್ರಮಾಣ ಮಾಡಿ ಹೇಳಿದ. ಶೆರಿಫನದು.

ಅಷ್ಟರಲ್ಲಿ ಹಳೇ ಕರೋನರ್ ಹೃದಯ ನಿಂತು ತೀರಿಕೊಂಡಿದ್ದ. ಸ್ಥಾನ ಖಾಲಿ. ಅದಕ್ಕೆ ಶೆರಿಫ್ ತನ್ನ ಅಕ್ಕನ ಗಂಡ ಡುವೇನ್ ಕೆಟಲ್‌ನನ್ನು ನಿಲ್ಲಿಸಿದ. ಕೆಟ್ಟು ನಿಂತ ಕಾರು ಎಳೆಯುವ ಲಾರಿಯವನು. ರಕ್ತ ಕಂಡರೆ ತಲೆ ತಿರುಗುವವನು. ಅವನು ಕರೋನರ್ ಆದರೆ ಭಾವಮೈದುನನ ಮೇಲಿನ ವಾರಂಟ್ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತದೆ. ವೆಸ್ ಮಂಚದಿಂದ ಬಿದ್ದೇ ಸತ್ತವನಾಗುತ್ತಾನೆ.

ಪೀಚಸ್ ಹೆಸರು ಮತಪತ್ರದಲ್ಲಿಲ್ಲದ ಕಾರಣ ಜನ ಖಾಲಿ ಗೆರೆಯ ಮೇಲೆ ಕೈಯಿಂದ ಬರೆದರು. ಮಂಗಳವಾರ ಎಣಿಸಿದಾಗ ಇಬ್ಬರಿಗೂ 2,311. ಸಮಸಮ! ಒಂದೇ ಒಂದು ಓಟು ತಕರಾರಿನಲ್ಲಿ ಉಳಿಯಿತು. ಅದರ ತೀರ್ಮಾನ ಈ ಶುಕ್ರವಾರ ಹತ್ತಕ್ಕೆ. ಆ ಓಟು ಅಸಿಂಧುವಾದರೆ ಟೋಪಿಯಲ್ಲಿ ಚೀಟಿ ಹಾಕಿ ಎತ್ತುವ ಪದ್ಧತಿ. ಟೋಪಿ ಯಾರದು ಅಂತೀರಿ? ಯಾವಾಗಲೂ ಶೆರಿಫನದು.

ಇನ್ನೊಂದು ಮಾತು. ಜಡ್ಜ್ ವಾಸ್ ಮಂಗಳವಾರ ಸೋತಿದ್ದರು. ಗೆದ್ದವನು ಶೆರಿಫನ ಜೊತೆ ಮೀನು ಹಿಡಿಯುವ ಗೆಳೆಯ. ನಮ್ಮಲ್ಲಿ ಫಲಿತಾಂಶಕ್ಕೆ ಕ್ಲರ್ಕ್ ಸಹಿ ಬಿದ್ದ ಕ್ಷಣ ಹಳಬರು ಹೊರಗೆ, ಹೊಸಬರು ಒಳಗೆ. ಇನ್ನೊಂದು ವಾರಂಟ್ ಯಾರೂ ಬರೆದುಕೊಡುವುದಿಲ್ಲ. ಇದ್ದದ್ದು ಒಂದೇ ಕಾಗದ. ಅದು ನನ್ನ ಪಿಕಪ್ಪಿನಲ್ಲಿತ್ತು.

ಕೋಯ್ ಸೀಟು ಎತ್ತಿದ. ಡ್ಯಾಶ್‌ಬೋರ್ಡು ಕೆದಕಿದ. ನನ್ನ ಊಟದ ಡಬ್ಬಿಯ ಸ್ಯಾಂಡ್‌ವಿಚ್ ಬಿಡಿಸಿ ನೋಡಿದ. ಹಿಂದೆ ರಾಶಿ ಹಾಕಿದ್ದ ಪ್ಲಾಸ್ಟಿಕ್ ಬೋರ್ಡುಗಳ ಹತ್ತಿರ ನಿಂತ. ನಲವತ್ತು ಬೋರ್ಡು. ನಲವತ್ತರಲ್ಲೂ ಡುವೇನ್ ಹಲ್ಲು ಕಿರಿಯುತ್ತಿದ್ದ.

ಒಂದನ್ನು ಎತ್ತಿ ಅಲುಗಿಸಿದ.

"ಸೀಳಿ ನೋಡು," ಎಂದೆ. "ಡುವೇನ್ ಮುಖ ಸೀಳಿದ್ದು ಯಾರು ಅಂತ ಶೆರಿಫ್ ಕೇಳಿದ್ರೆ ನಿನ್ನ ಹೆಸರು ಹೇಳ್ತೀನಿ. ಅದೂ ಇವತ್ತು ಗೆಲ್ಲೋ ಮನುಷ್ಯನ ಮುಖ."

ಅವನು ಅದನ್ನು ಹುಷಾರಾಗಿ ಕೆಳಗಿಟ್ಟ. ಅಂಗಿಯ ತೋಳಿನಿಂದ ಧೂಳು ಒರೆಸಿದ.

"ಹೋಗಿ," ಎಂದ.

ಹೊರಟೆ. ಅರ್ಧ ಮೈಲಿ ಹೋಗಿರಲಿಲ್ಲ... ಕನ್ನಡಿಯಲ್ಲಿ ಕೆಂಪು ನೀಲಿ ದೀಪ! ಯಾರೋ ವೈರ್‌ಲೆಸ್‌ನಲ್ಲಿ ಅವನಿಗೆ ಬೈದಿದ್ದರು. ಯಾರೆಂದು ಊಹಿಸಲು ಜ್ಯೋತಿಷ್ಯ ಬೇಕಿರಲಿಲ್ಲ.

ಆಕ್ಸಿಲರೇಟರ್ ತುಳಿದೆ. ಎಪ್ಪತ್ತು. ಎಂಬತ್ತು. ನನ್ನ ಪಿಕಪ್ ಹದಿನೆಂಟು ವರ್ಷದ ಮುದುಕಿ. ಅವನದು ಕೌಂಟಿಯ ಹೊಸ ಕಾರು. ಒಂದು ಕೈಯಲ್ಲಿ ಫೋನ್ ಒತ್ತಿದೆ.

"ಲೆನೋರಾ, ಎಲ್ಲಿದೀಯಾ?"

"ಹೊಲದಲ್ಲಿ. ಮೆಕ್ಕೆಜೋಳ ಕೊಯ್ಯೋದು ಇನ್ನು ನಾಲ್ಕು ಸಾಲಿದೆ."

"ಬಿಟ್ಟು ರಸ್ತೆಗೆ ಬಾ. ನಾನು ದಾಟಿದ ಮೇಲೆ."

"ಹಿಂದೆ ಯಾರು?"

"ಕೋಯ್."

"ಬರಲಿ," ಎಂದಳು. ಫೋನಿಟ್ಟಳು. ಹೆಚ್ಚು ಮಾತಾಡುವವಳಲ್ಲ. ತಮ್ಮ ಸತ್ತ ಮೇಲೆ ಅದೂ ಕಡಿಮೆಯಾಗಿತ್ತು.

ಕೋಯ್ ಬಂಪರಿಗೆ ಬಂಪರ್ ತಾಗಿಸಿದ. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಯಿತು. ಎಡಗಡೆ ಚರಂಡಿ... ಹೇಗೋ ಎಳೆದುಕೊಂಡೆ. ಇನ್ನೊಂದು ಗುದ್ದು! ಬಾಯಲ್ಲಿ ರಕ್ತದ ರುಚಿ. ಪಕ್ಕದ ಹೊಲದಂಚಿನಲ್ಲಿ ಲೆನೋರಾಳ ಹಸಿರು ಕಂಬೈನ್ ಸಾಲು ಬಿಟ್ಟು ಹೊರಳುವುದು ಕಂಡಿತು. ನಾನು ದಾಟಿದೆ. ಅದು ರಸ್ತೆಗೆ ಏರಿತು. ಎಂಟು ಸಾಲು ಒಟ್ಟಿಗೆ ಕೊಯ್ಯುವ ಯಂತ್ರ. ಈ ಚರಂಡಿಯಿಂದ ಆ ಚರಂಡಿಗೆ ಅಡ್ಡಲಾಗಿ ನಿಂತಿತು.

ಹಿಂದೆ ಬ್ರೇಕಿನ ಕಿರುಚಾಟ. ಬಹಳ ಹೊತ್ತು ಹಾರ್ನ್ ಕೇಳಿಸುತ್ತಲೇ ಇತ್ತು.

ಹತ್ತೂ ಏಳಕ್ಕೆ ಕೋರ್ಟ್‌ಹೌಸ್ ಮೆಟ್ಟಿಲು ಹತ್ತಿದೆ. ಕಂಕುಳಲ್ಲಿ ಒಂದು ಡುವೇನ್ ಬೋರ್ಡು.

ಎರಡನೇ ಮಹಡಿಯ ಕೋಣೆ ತುಂಬಿತ್ತು. ಶೆರಿಫ್ ಗ್ರೇಡಿ ಕಿಟಕಿಗೆ ಒರಗಿ ನಿಂತಿದ್ದ. ಟೋಪಿ ಕೈಯಲ್ಲಿ ಸಿದ್ಧವಾಗಿತ್ತು. ನನ್ನ ತುಟಿಯ ರಕ್ತ ನೋಡಿದ. ಕಂಕುಳ ಬೋರ್ಡು ನೋಡಿದ.

"ಏನಮ್ಮಾ ವರ್ನಾ, ಪಕ್ಷ ಬದಲಾಯಿಸಿದ್ಯಾ?"

"ಗೆಲ್ಲೋ ಕಡೆ ಇರೋದು ಒಳ್ಳೇದಲ್ವಾ ಗ್ರೇಡಿ."

ಅವನು ನಕ್ಕ. ಕಣ್ಣು ನಗಲಿಲ್ಲ.

ಮೇಜಿನ ಹಿಂದೆ ಮೂವರು. ಎರಡು ಪಕ್ಷದ ಇಬ್ಬರು, ನಡುವೆ ಡೋರಿಸ್. ಆ ಓಟು ಸಿಂಧು ಎಂದು ಒಬ್ಬರು, ಅಸಿಂಧು ಎಂದು ಇನ್ನೊಬ್ಬರು ಆಗಲೇ ಕೈ ಎತ್ತಿಯಾಗಿತ್ತು. ಉಳಿದದ್ದು ಡೋರಿಸ್. ಅವಳು ನನ್ನತ್ತ ನೋಡಲೇ ಇಲ್ಲ. ಅವಳ ಅಳಿಯನಿಗೆ ಜೈಲಿನ ಅಡಿಗೆಮನೆಯಲ್ಲಿ ಕೆಲಸ. ನನ್ನ ಅನುಮಾನಕ್ಕೆ ಅದೂ ಸೇರಿತು.

ಮುಂದಿನ ಕುರ್ಚಿಯಲ್ಲಿ ಪೀಚಸ್ ಇಸ್ತ್ರಿ ಮಾಡಿದ ಕಪ್ಪು ಉಡುಪಿನಲ್ಲಿ ಕೂತಿದ್ದಳು, ಶವಯಾತ್ರೆಗೆ ಬಂದವಳ ಹಾಗೆ. ಡೋರಿಸ್ ಕನ್ನಡಕ ಏರಿಸಿ ಮತಪತ್ರ ಓದಿದಳು.

"ಕರೋನರ್ ಸ್ಥಾನದ ಗೆರೆ ಮೇಲೆ ಕೈಬರಹ. 'ಹಾರ್ಲನ್ ತಲೆ ಬಾಚಿದ ಪೀಚಸ್.' ಇಷ್ಟೇ ಇರೋದು."

ಡುವೇನ್‌ನ ವಕೀಲ ಎದ್ದ. ರಾಜಧಾನಿಯಿಂದ ಬಂದವನು. ಬೂಟು ಮಿರಮಿರ ಮಿಂಚುತ್ತಿತ್ತು.

"ಮ್ಯಾಡಮ್, ಪೀಚಸ್ ಅನ್ನೋದು ಹೆಸರಲ್ಲ, ಹಣ್ಣು. ಈಕೆ ಹೆಸರು ಜೋಸೆಫಾ ಲ್ಯಾಟಿಮೋರ್. ಉಳಿದ ಓಟಲ್ಲೆಲ್ಲಾ ಲ್ಯಾಟಿಮೋರ್ ಅಂತಾದರೂ ಇದೆ. ಇದರಲ್ಲಿ ಏನಿದೆ? ಹಾರ್ಲನ್ ಅಂತೆ. ಯಾವ ಹಾರ್ಲನ್? ಯಾರಿಗಾದರೂ ಗೊತ್ತಾ?"

ನಾನು ಶೆರಿಫನ ಮುಖ ನೋಡುತ್ತಿದ್ದೆ. ಮತಪತ್ರ ಓದಿದಾಗಿನಿಂದ ಆ ಮುಖ ಸುಣ್ಣವಾಗಿತ್ತು. ಯಾಕೆ? ಅವನ ಕೈಯ ಟೋಪಿಯ ಅಂಚು ಮುದ್ದೆಯಾಗುತ್ತಿತ್ತು.

ಡೋರಿಸ್ ಕನ್ನಡಕ ತೆಗೆದಳು.

"ಪೀಚಸ್ ಕೈಯಲ್ಲಿ ನಿಮ್ಮನೇಲಿ ತೀರಿಹೋದೋರ ತಲೆ ಬಾಚಿಸಿದೋರು ಇಲ್ಲಿ ಎಷ್ಟು ಜನ ಇದೀರಿ?"

"ಇದೇನು ಪ್ರಶ್ನೆ, ಮ್ಯಾಡಮ್?" ಎಂದ ವಕೀಲ.

"ನಮ್ಮೂರಿನ ಪ್ರಶ್ನೆ. ಕೂತ್ಕೊಳಿ."

ಕೈಗಳು ಎದ್ದವು. ಒಂದೊಂದಾಗಿ. ಬಾಗಿಲ ಬಳಿಯ ಮುದುಕ. ಕಾಫಿ ತಂದವಳು. ನಾನೂ ಎತ್ತಿದೆ, ನನ್ನ ಅಮ್ಮನಿಗಾಗಿ. ಸತ್ತವರ ವಿಷಯದಲ್ಲಿ ನಮ್ಮೂರಿನವರು ಮರ್ಯಾದೆ ತಪ್ಪುವುದಿಲ್ಲ. ಋಣ ಒಪ್ಪಿಕೊಳ್ಳಲೇಬೇಕು, ಹೆಸರು ಹೇಳಲೇಬೇಕು. ಹಾಗೆಯೇ ಬೆಳೆದಿದ್ದೇವೆ.

ಮುಂದಿನ ಸಾಲಿನಲ್ಲಿ ಡುವೇನ್‌ನ ದಪ್ಪ ಕೈಯೂ ಎದ್ದಿತು.

"ನಮ್ಮ ಮಾವಂದು," ಎಂದ. ಪೀಚಸ್ ಕಡೆ ತಿರುಗಿದ. "ನೀನೇ ಅಲ್ವಾ ಬಾಚಿದ್ದು? ಎಷ್ಟು ಚೆನ್ನಾಗಿ ಕಾಣ್ತಿದ್ರು. ನಮ್ಮತ್ತೆ ಈಗ್ಲೂ ದಿನಾ ಹೇಳ್ತಾರೆ..."

ವಕೀಲ ಅವನ ತೋಳು ಜಗ್ಗಿದ. ತಡವಾಗಿತ್ತು.

"ನಿಮ್ಮ ಮಾವನ ಹೆಸರೇನು ಡುವೇನ್?" ಡೋರಿಸ್ ಕೇಳಿದಳು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ.

ಡುವೇನ್ ಶೆರಿಫನನ್ನು ನೋಡಿದ.

"ಹಾರ್ಲನ್," ಎಂದ ಮೆಲ್ಲಗೆ. "ಹಾರ್ಲನ್ ಪೆನ್‌ಲ್ಯಾಂಡ್." ಶೆರಿಫನ ಅಪ್ಪ.

"ಯಾವ ಹಾರ್ಲನ್, ಯಾವ ಪೀಚಸ್ ಅಂತ ಎದುರಾಳಿಯೇ ಹೇಳಿದ್ರು. ಬರೆದೋರ ಮನಸ್ಸಲ್ಲಿ ಯಾರಿದ್ರು ಅನ್ನೋದು ಸ್ಪಷ್ಟ. ಓಟು ಸಿಂಧು," ಎಂದಳು ಡೋರಿಸ್. ಸಹಿ ಹಾಕಿದಳು. ಬೈಬಲ್ ಮುಂದಕ್ಕೆ ಸರಿಸಿದಳು. "ಜೋಸೆಫಾ, ಬಾ. ಕೈ ಇಡು."

ಪೀಚಸ್ ಪ್ರಮಾಣ ಮಾಡಿ ಮುಗಿಸುವಷ್ಟರಲ್ಲಿ ನಾನು ಬೋರ್ಡನ್ನು ಸೀಳಿದ್ದೆ. ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಡುವೇನ್‌ಗಳ ನಡುವೆ ವಾರಂಟ್ ಬೆಚ್ಚಗೆ ಮಲಗಿತ್ತು. ಶೆರಿಫ್ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ. ಬಾಗಿಲಲ್ಲಿ ಲೆನೋರಾ ನಿಂತಿದ್ದಳು. ಮೈತುಂಬ ಜೋಳದ ಹೊಟ್ಟು. ಅವಳು ಸರಿಯಲಿಲ್ಲ. ಅವಳ ಹಿಂದೆ ಏದುಸಿರು ಬಿಡುತ್ತಾ ಕೋಯ್.

"ನೀನಾ ನನ್ನ ಹಿಡಿಯೋಳು?" ಶೆರಿಫ್ ಪೀಚಸ್‌ಗೆ ಕೇಳಿದ.

"ಬೇರೆ ಯಾರೂ ಹಿಡಿಯೋ ಹಾಗಿಲ್ವಂತಲ್ಲ, ಗ್ರೇಡಿ," ಎಂದಳು ಪೀಚಸ್. ಕೋಯ್ ಕಡೆ ಕೈ ಚಾಚಿದಳು. "ಬೇಡಿ ಕೊಡಪ್ಪ. ನನ್ನ ಹತ್ರ ಇಲ್ಲ."

ಕೋಯ್ ಶೆರಿಫನನ್ನು ನೋಡಿದ. ನನ್ನನ್ನು ನೋಡಿದ. ಬೇಡಿ ಬಿಚ್ಚಿ ಕೊಟ್ಟ. ಗಾಳಿ ಬಂದ ಕಡೆ ತೂರಿಕೊಳ್ಳುವುದನ್ನು ಮಾತ್ರ ನಾನು ಅವನಿಗೆ ಕಲಿಸಿರಲಿಲ್ಲ.

ಲೆನೋರಾ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ನಾಲ್ಕು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಕಾಗದದ ವಿಷಯ ಬಾಯಿ ಬಿಟ್ಟವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಡೋರಿಸ್ ಕ್ರಿಸ್‌ಮಸ್ಸಿಗೆ ಪೈ ಕಳಿಸಿದ್ದಳು. ಮೊದಲು ನಾಯಿಗೆ ಹಾಕಿ ನೋಡಿದೆ. ನಾಯಿ ಚೆನ್ನಾಗಿದೆ. ಆದರೂ...

ಅದಿರಲಿ. ಆ ಮಧ್ಯಾಹ್ನ ಇನ್ನೊಂದು ಅನುಮಾನ ಪರಿಹರಿಸಿಕೊಂಡೆ, ತಕರಾರಿನ ಓಟು ಬರೆದವರು ಯಾರೆಂದು. ಹಾಸಿಗೆಯಿಂದ ಏಳಲಾಗದವರ ಓಟಿನ ಲಕೋಟೆಯನ್ನು ಮನೆಯವರು ತಂದುಕೊಡಬಹುದು. ತಂದವರು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಪುಟ ತಿರುವಿದೆ. ಮತದಾರರು: ಒಪಲ್ ಪೆನ್‌ಲ್ಯಾಂಡ್, ಎಂಬತ್ತೆಂಟು ವರ್ಷ, ಹಾರ್ಲನ್ ವಿಧವೆ. ತಂದುಕೊಟ್ಟವರು: ಮಗ ಗ್ರೇಡಿ. ಅಮ್ಮನ ಓಟು ಭಾವನಿಗೇ ಎಂದು ನಂಬಿ, ಅಂಟಿಸಿದ ಲಕೋಟೆಯನ್ನು ಅವನೇ ಎದೆಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

ಶೆರಿಫ್ ಒಳಗಿದ್ದರೆ ಜೈಲಿನ ಬೀಗದಕೈ ಕರೋನರ್ ಕೈಗೆ. ಅದೂ ಅದೇ ಹಳೇ ಕಾನೂನು. ಕೈದಿಯ ಫೋಟೋ ತೆಗೆಯುವ ಗೋಡೆಗೆ ಗ್ರೇಡಿಯನ್ನು ನಿಲ್ಲಿಸಿದಾಗ ಅವನ ಕೂದಲು ಕೆದರಿ ಹಣೆಗೆ ಬಿದ್ದಿತ್ತು.

"ಸ್ವಲ್ಪ ನಿಲ್ಲು," ಎಂದಳು ಪೀಚಸ್ ಕ್ಯಾಮೆರಾದವನಿಗೆ. "ಇವರಮ್ಮ ಪೇಪರಲ್ಲಿ ನೋಡ್ತಾರೆ." ಚೀಲದಿಂದ ಬಾಚಣಿಗೆ ತೆಗೆದು, ಬೈತಲೆ ತೆಗೆದು, ನೀಟಾಗಿ ಬಾಚಿದಳು.

ಉಸಿರಾಡುತ್ತಿದ್ದವನ ತಲೆ ಅವಳು ಬಾಚಿದ್ದು ಅದೇ ಮೊದಲು.